ಷಡ್ಡಕನ ಬಲಗಣ್ಣು

ಸಹಿ ಹಾಕಿ ಹದಿನೇಳು ದಿನವಾಗಿತ್ತು. ಹದಿನೇಳನೆಯ ಬೆಳಿಗ್ಗೆಯೂ ಅಂಗಡಿಯ ಬಾಗಿಲು ತೆಗೆದೊಡನೆ ಅವನ ಕೈ ತಾನಾಗಿಯೇ ಮೇಜಿನ ಎಡಗಡೆಯ ಡ್ರಾಯರಿಗೆ ಹೋಯಿತು. ಅಲ್ಲಿ ಸರ್ಟಿಫಿಕೇಟು ಪುಸ್ತಕದ ಕಾರ್ಬನ್ ಪ್ರತಿಗಳಿದ್ದವು. ಮೂವತ್ತೊಂದನೆಯ ಹಾಳೆಯಲ್ಲಿ, ಮಸುಕು ನೀಲಿಯಲ್ಲಿ, ತನ್ನದೇ ಕೈಬರಹ: ಬಲಗಣ್ಣು ಸರಿಯಾಗಿದೆ, ಎಡಗಣ್ಣು ಸರಿಯಾಗಿದೆ, ಬಂದೂಕು ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಎಡಗಣ್ಣಿನ ಮಾತು ನಿಜ. ಉಳಿದೆರಡೂ ಸುಳ್ಳು. ಇಪ್ಪತ್ತನಾಲ್ಕು ವರ್ಷದಿಂದ ಊರಿನವರ ಮೂಗಿನ ಮೇಲೆ ಕನ್ನಡಕ ಕೂರಿಸುತ್ತ ಬಂದವನು, ಒಂದು ದಿನವೂ ಒಂದು ನಂಬರನ್ನು ಹೆಚ್ಚುಕಮ್ಮಿ ಬರೆದವನಲ್ಲ. ಬರೆಯುವ ಧೈರ್ಯವೂ ಇರಲಿಲ್ಲ ಅನ್ನಿ. ಅಂಥವನು ಒಂದು ಸುಳ್ಳು ಬರೆದಿದ್ದ. ಅದೂ ಯಾರಿಗಾಗಿ? ಯಾರನ್ನು ಕಂಡರೆ ಮದುವೆಯಾದಂದಿನಿಂದ, ಅಂದರೆ ಇಪ್ಪತ್ತೆರಡು ವರ್ಷದಿಂದ, ಅವನ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತಿತ್ತೋ ಅವನಿಗಾಗಿ. ಹೆಂಡತಿಯ ಅಕ್ಕನ ಗಂಡ, ಷಡ್ಡಕ. ಹಾಳೆಯನ್ನು ಇನ್ನೊಂದು ಸಲ ಓದಿ, ಡ್ರಾಯರು ಮುಚ್ಚಿ, ಅವನು ಗಾಜಿನ ಬೀರುಗಳನ್ನು ಒರೆಸತೊಡಗಿದ.

ಹೊಸ ಕಾನೂನು ಬಂದಂದಿನಿಂದ ಅಂಗಡಿಗೆ ಒಂದು ಕಳೆ ಬಂದಿದ್ದು ನಿಜ. ಎಲ್ಲೋ ದೂರದಲ್ಲಿ ಮಂದಗಣ್ಣಿನ ಮುದುಕನೊಬ್ಬ ಬೇಲಿಯಾಚೆ ಬಟ್ಟೆ ಒಣಹಾಕುತ್ತಿದ್ದ ಹೆಂಗಸನ್ನು ಜಿಂಕೆಯೆಂದುಕೊಂಡು ಹೊಡೆದನಂತೆ. ಪತ್ರಿಕೆಗಳು ವಾರವಿಡೀ ಬೊಬ್ಬೆ ಹಾಕಿದವು, ಸರ್ಕಾರ ಎದ್ದು ಕೂತಿತು. ಬಂದೂಕಿದ್ದವರೆಲ್ಲ ಮೂರು ತಿಂಗಳೊಳಗೆ ಲೈಸೆನ್ಸನ್ನು ಹೊಸದಾಗಿ ಮಾಡಿಸಿಕೊಳ್ಳಬೇಕು, ಗೋಡೆಗೆ ಬೋಲ್ಟು ಹೊಡೆದ ಕಬ್ಬಿಣದ ಪೆಟ್ಟಿಗೆ ಇರಬೇಕು, ಬಂದೂಕು ನಿನಗೇಕೆ ಬೇಕು ಎಂದು ಅರ್ಧ ಪುಟ ಬರೆದು ಕೊಡಬೇಕು, ಎಲ್ಲಕ್ಕಿಂತ ಮೊದಲು ಕಣ್ಣು ಪರೀಕ್ಷೆ ಮಾಡಿಸಿಕೊಂಡು ಸರ್ಟಿಫಿಕೇಟು ತರಬೇಕು. ಅದನ್ನು ಕೊಡುವ ಅಧಿಕಾರ ಊರಿನಲ್ಲಿ ಇಬ್ಬರಿಗೆ: ಒಬ್ಬ ಇವನು, ಇನ್ನೊಬ್ಬ ಸ್ಟೇಷನ್ ರಸ್ತೆಯವನು. ಇವನ ಮನೆಯಲ್ಲೂ ಒಂದು ಬಂದೂಕಿತ್ತು, ಇವನೂ ಊರಿನ ಗುರಿ ಹೊಡೆಯುವವರ ಕ್ಲಬ್ಬಿನ ಸದಸ್ಯ. ತನ್ನ ಕಣ್ಣಿಗೆ ತಾನೇ ಸಹಿ ಹಾಕಿಕೊಳ್ಳುವಂತಿಲ್ಲವಾದ್ದರಿಂದ ಸ್ಟೇಷನ್ ರಸ್ತೆಯವನ ಮುಂದೆ ಗಲ್ಲ ಚಾಚಿ ಕೂತು ಬಂದಿದ್ದ. ಉಳಿದಂತೆ ಕ್ಲಬ್ಬಿನ ಮುಕ್ಕಾಲುಪಾಲು ಜನ ಇವನ ಬೆಂಚಿನ ಮೇಲೆಯೇ ಕೂತು ಸರ್ಕಾರವನ್ನು ಬಯ್ಯುತ್ತಿದ್ದರು. ಆ ದಿನವೂ ಹತ್ತು ಗಂಟೆಗೆಲ್ಲ ಇಬ್ಬರು ಬಂದು ಕೂತರು. ಒಬ್ಬ ಬೇಕರಿಯವನು. ಇನ್ನೊಬ್ಬನಿಗೆ ಮೇಜರ್ ಎಂದು ಹೆಸರು. ಸೈನ್ಯದಲ್ಲಿದ್ದವನಲ್ಲ, ಬ್ಯಾಂಡಿನಲ್ಲಿ ಡೋಲು ಬಾರಿಸುತ್ತಿದ್ದವನು, ಮೀಸೆಗೆ ಸಿಕ್ಕ ಬಿರುದು ಅದು.

“ನಾಳೆ ನನ್ನ ಬ್ರೆಡ್ಡು ಕುಯ್ಯೋ ಚಾಕೂಗೂ ಲೈಸೆನ್ಸ್ ಕೇಳ್ತಾರೆ ನೋಡಿ,” ಎಂದ ಬೇಕರಿಯವನು.

“ಕಳ್ಳರು ಕಣ್ಣು ಪರೀಕ್ಷೆ ಮಾಡಿಸ್ಕೊಂಡು ಬರ್ತಾರಾ?” ಎಂದ ಮೇಜರ್. “ಮರ್ಯಾದಸ್ಥರಿಗೇ ಎಲ್ಲಾ ಕಾಟ. ನಮ್ಮಪ್ಪ ಕಣ್ಣು ಮುಚ್ಕೊಂಡು ಹೊಡೀತಿದ್ದ.”

“ಹಾಗಾದ್ರೆ ನೀನೂ ಮುಚ್ಕೊಂಡೇ ಹೊಡಿ. ನಿನ್ನ ಗುರಿ ನೋಡಿದ್ರೆ ಹಾಗೇ ಅನ್ಸುತ್ತೆ.”

“ನನ್ನದು ಬಿಡು. ನಾವೆಲ್ಲ ಲೆಕ್ಕಕ್ಕಿಲ್ಲ. ಇದ್ದರೆ ಇವರ ಷಡ್ಡಕರು,” ಎಂದು ಮೇಜರ್ ಇವನ ಕಡೆ ತಿರುಗಿದ. “ಏನು ಕಣ್ಣು ಅಂತೀರಿ ಅವರದು. ಅವರನ್ನೂ ಪರೀಕ್ಷೆ ಮಾಡಿದ್ರಂತಲ್ಲ. ನಿಮ್ಮ ಮಷೀನಿಗೇ ನಾಚಿಕೆ ಆಗಿರಬೇಕು.”

ಇವನು ನಕ್ಕ. ನಗುವುದು ಇಪ್ಪತ್ತೆರಡು ವರ್ಷಗಳ ಅಭ್ಯಾಸ. ಬೇಕರಿಯವನನ್ನು ಒಳಗೆ ಕರೆದು ಕೂರಿಸಿದ. ಒಳಕೋಣೆ ಹತ್ತೇ ಅಡಿ ಉದ್ದ. ಅಕ್ಷರದ ಹಲಗೆ ಕೂತವನ ತಲೆಯ ಹಿಂದೆ ತಿರುಗುಮುರುಗಾಗಿ ಬರೆದು ತೂಗುಬಿದ್ದಿರುತ್ತಿತ್ತು, ಎದುರಿನ ಕನ್ನಡಿಯಲ್ಲಿ ಅದು ನೆಟ್ಟಗಾಗಿ ಇಪ್ಪತ್ತಡಿ ದೂರದಲ್ಲಿ ಕಾಣುತ್ತಿತ್ತು. ಬೆಂಚಿನವರು ಒಳಗಿನವರು ಓದುವುದನ್ನು ಕೇಳಿ ಕೇಳಿ ಕೊನೆಯ ಸಾಲನ್ನು ಬಾಯಿಪಾಠ ಮಾಡಿಕೊಂಡಿರುತ್ತಾರೆಂದು ಎರಡನೆಯ ವಾರವೇ ಅವನಿಗೆ ಗೊತ್ತಾಗಿ ಇನ್ನೊಂದು ಹಲಗೆ ಮಾಡಿಸಿ ದಿನ ಬಿಟ್ಟು ದಿನ ಬದಲಿಸುತ್ತಿದ್ದ. ಬೇಕರಿಯವನು ಕಣ್ಣು ಕಿರಿದು ಮಾಡಿಕೊಂಡು ಕೊನೆಯ ಸಾಲನ್ನು ಗಡಗಡನೆ ಓದಿದ. ಆ ಸಾಲು ಆ ಹಲಗೆಯಲ್ಲಿ ಇರಲೇ ಇಲ್ಲ. ಬೇರೆ ದಿನವಾಗಿದ್ದರೆ ಇವನು ಅದನ್ನು ಹೆಂಡತಿಗೆ ಹೇಳಿ ನಗುತ್ತಿದ್ದ. ಈಗ ಮಾತಿಲ್ಲದೆ ಕನ್ನಡಕ ಬರೆದುಕೊಟ್ಟ, ಆ ನಂಬರಿನ ಗಾಜು ಹಾಕಿಸಿ ಓದಿಸಿ, ನಿಜವಾಗಿ ಕಂಡ ಮೇಲೆ ಸಹಿ ಹಾಕಿದ. ಹೀಗೆ ಸರಿಯಾಗಿ ಹಾಕಿದ ಒಂದೊಂದು ಸಹಿಯೂ ಅವನನ್ನು ಮೂವತ್ತೊಂದನೆಯ ಹಾಳೆಯ ಹತ್ತಿರಕ್ಕೇ ಎಳೆದುಕೊಂಡು ಹೋಗುತ್ತಿತ್ತು.

ಇಬ್ಬರೂ ಹೋದ ಮೇಲೆ ಬೆಂಚು ಖಾಲಿಯಾಯಿತು, ಅಂಗಡಿಯಲ್ಲಿ ಫ್ಯಾನಿನ ಸದ್ದು ಉಳಿಯಿತು. ಏನು ಕಣ್ಣು ಅಂತೀರಿ ಅವರದು. ಕಣ್ಣು ಮಾತ್ರವೇ? ಭಾವನ ಕೈ ಅಂದರೆ ಕೈ, ಎನ್ನುತ್ತಿದ್ದಳು ಹೆಂಡತಿ. ನಲ್ಲಿ ಸೋರಿದರೆ, ಕಿಟಕಿಯ ಚಿಲಕ ಸಡಿಲವಾದರೆ, ಮಿಕ್ಸಿ ಕೆಟ್ಟರೆ, ಅವಳ ಬಾಯಲ್ಲಿ ಬರುತ್ತಿದ್ದುದು ಒಂದೇ: ಭಾವ ಆಗಿದ್ದರೆ. ಭಾವ ಆಗಿದ್ದರೆ ಏನಾಗುತ್ತಿತ್ತು ಎಂದು ಅವಳು ಮುಂದೆ ಹೇಳುತ್ತಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಭಾವ ಲೇತ್ ಯಂತ್ರ ಇಟ್ಟುಕೊಂಡವನು, ಕಬ್ಬಿಣ ಅವನ ಮಾತು ಕೇಳುತ್ತಿತ್ತು. ಒಂದು ಮಧ್ಯಾಹ್ನ ಬೀರುವಿನಲ್ಲಿ ಏನೋ ಹುಡುಕುವಾಗ ಅವಳ ಸೀರೆಗಳ ನಡುವೆ ಪತ್ರಿಕೆಯಿಂದ ಕತ್ತರಿಸಿದ ಒಂದು ಚಿತ್ರ ಸಿಕ್ಕಿತ್ತು: ಭುಜಕ್ಕೆ ಬಂದೂಕಾನಿಸಿಕೊಂಡು ಬಹುಮಾನದ ಕಪ್ಪು ಹಿಡಿದು ನಿಂತ ಷಡ್ಡಕ. ಅಕ್ಕನ ಗಂಡನ ಚಿತ್ರ ತಂಗಿ ಇಟ್ಟುಕೊಂಡರೆ ತಪ್ಪೇನು, ಮನೆಯ ಮರ್ಯಾದೆ ಅದು, ಎಂದು ಇವನೇ ತನಗೆ ಹೇಳಿಕೊಂಡು ಅದನ್ನು ಇದ್ದಲ್ಲೇ ಇಟ್ಟಿದ್ದ. ಆಮೇಲೆ ವರ್ಷಗಟ್ಟಲೆ ಆ ಚಿತ್ರ ಅಲ್ಲೇ ಇದೆಯೇ ಎಂದು ಕದ್ದು ನೋಡುತ್ತಿದ್ದುದೂ ಇವನೇ. ಚಿತ್ರದ ಬಲತುದಿಯಲ್ಲಿ ಒಂದು ಮೊಣಕೈ ಕಾಣುತ್ತಿತ್ತು. ಅದು ಎರಡನೆಯ ಬಹುಮಾನದವನ ಮೊಣಕೈ, ಅಂದರೆ ಇವನದು. ಕತ್ತರಿ ಅಲ್ಲಿಗೆ ಹೋಗಿ ನಿಂತಿತ್ತು.

ಒಂದೇ ಒಂದು ಸಲ ಇವನಿಗೆ ಮೊದಲನೆಯ ಬಹುಮಾನ ಬಂತು, ಹೋದ ವರ್ಷ. ಕಪ್ಪನ್ನು ಪೇಪರಿನಲ್ಲಿ ಸುತ್ತಿಕೊಂಡು, ದಾರಿಯುದ್ದಕ್ಕೂ ಹೇಗೆ ಹೇಳಬೇಕೆಂದು ಯೋಚಿಸಿಕೊಂಡು, ಕೊನೆಗೆ ಏನೂ ಹೇಳದೆ ಅಡುಗೆಮನೆಯ ಕಟ್ಟೆಯ ಮೇಲಿಟ್ಟ. ಹೆಂಡತಿ ಕೈ ಒರೆಸಿಕೊಂಡು ಅದನ್ನೆತ್ತಿ ನೋಡಿದಳು, ಚೆನ್ನಾಗಿದೆ ಎಂದಳು, ಆಮೇಲೆ ಬಹಳ ಸಹಜವಾಗಿ, “ಭಾವ ಬಂದಿರಲಿಲ್ಲ ಅಲ್ವಾ?” ಎಂದು ಕೇಳಿದಳು. ಬಂದಿರಲಿಲ್ಲ. ಭುಜನೋವು ಎಂದು ಹೇಳಿ ಕಳಿಸಿದ್ದ. ಅದರ ಮುಂದಿನ ಸ್ಪರ್ಧೆಗೂ ಅದೇ ಭುಜನೋವು. ಅವಳ ಮಾತಿನಲ್ಲಿ ಕೊಂಕಿರಲಿಲ್ಲ, ಅದೇ ಅವನನ್ನು ಚುಚ್ಚಿದ್ದು. ಕೊಂಕಿದ್ದರೆ ತಿರುಗಿ ಒಂದು ಮಾತಾಡಬಹುದಿತ್ತು. ಷಡ್ಡಕನಲ್ಲೂ ಕೊಂಕಿರಲಿಲ್ಲ. ನಾಲ್ಕು ವರ್ಷ ದೊಡ್ಡವನೆಂದು ಅವನು ಇವನಿಗೆ ನೀನು ಎನ್ನುತ್ತಿದ್ದ, ಇವನು ಅವನಿಗೆ ನೀವು. ಭೇಟಿಯಾದಾಗಲೆಲ್ಲ ಹೆಗಲ ಮೇಲೆ ಒಂದು ಕೈ ಇಟ್ಟು ಹೇಗಿದ್ದೀಯಪ್ಪ ಎನ್ನುತ್ತಿದ್ದ. ಆ ಕೈ ಭಾರವಾಗಿತ್ತು, ಬೆಚ್ಚಗಿತ್ತು. ಒಮ್ಮೆಯಾದರೂ ಅವನು ಜಂಬ ಕೊಚ್ಚಿಕೊಂಡಿದ್ದರೆ, ಒಮ್ಮೆಯಾದರೂ ಯಾರಿಗಾದರೂ ಮೋಸ ಮಾಡಿದ್ದರೆ, ಇವನ ಹೊಟ್ಟೆಕಿಚ್ಚಿಗೆ ನಿಲ್ಲಲು ಒಂದು ಜಾಗ ಸಿಗುತ್ತಿತ್ತು.

ಹದಿನೇಳು ದಿನದ ಹಿಂದೆ ಷಡ್ಡಕ ಒಳಕೋಣೆಯ ಕುರ್ಚಿಯಲ್ಲಿ ಕೂತಿದ್ದ. ಬೆಂಚಿನಲ್ಲಿ ಯಾರೂ ಇಲ್ಲದ ಹೊತ್ತು ನೋಡಿಕೊಂಡೇ ಬಂದಂತಿತ್ತು. ಎಡಗಣ್ಣಿನಲ್ಲಿ ಕೊನೆಯ ಸಾಲನ್ನೂ ನೀರು ಕುಡಿದ ಹಾಗೆ ಓದಿದ. ಎಡಗಣ್ಣು ಮುಚ್ಚಿ ಬಲಗಣ್ಣು ಬಿಟ್ಟಾಗ ನಾಲ್ಕನೆಯ ಸಾಲಿಗೆ ಬಂದು ನಿಂತ. ಉಳಿದವರು ಇಂಥಲ್ಲಿ ಊಹಿಸುತ್ತಾರೆ, ಕುತ್ತಿಗೆ ಚಾಚುತ್ತಾರೆ, ಕನ್ನಡಿ ಕೊಳೆಯಾಗಿದೆ ಎನ್ನುತ್ತಾರೆ. ಷಡ್ಡಕ ಕಾಣ್ತಿಲ್ಲ ಎಂದ, ಅಷ್ಟೇ. ಇವನು ಒಂದಾದ ಮೇಲೊಂದು ಗಾಜು ಹಾಕಿ ನೋಡಿದ, ಯಾವ ಗಾಜಿಗೂ ನಾಲ್ಕನೆಯ ಸಾಲು ತೆರೆದುಕೊಳ್ಳಲಿಲ್ಲ. ಆಗ ಖಾನೆಯಿಂದ ಚೌಕಳಿ ಹಾಕಿದ ಕಾಗದ ತೆಗೆದು, ನಡುವಿನ ಚುಕ್ಕಿಯನ್ನೇ ನೋಡಿ, ಗೆರೆಗಳು ಹೇಗಿವೆ ಹೇಳಿ ಎಂದ. ಷಡ್ಡಕ ಬಹಳ ಹೊತ್ತು ನೋಡಿದ. ಗೆರೆಗಳು ನಡುವಿಗೆ ಬರುತ್ತ ಬಾಗಿವೆ ಎಂದ, ಚುಕ್ಕಿಯೇ ಇಲ್ಲ ಎಂದ. ಸುತ್ತಲಿನದೆಲ್ಲ ಇದೆ, ಏನನ್ನು ನೋಡ್ತೀನೋ ಅದೊಂದಿಲ್ಲ. ಕಣ್ಣಿನ ಒಳಪರದೆಯ ನಡುಭಾಗ ಸವೆದಿತ್ತು, ಕನ್ನಡಕಕ್ಕೆ ಬಗ್ಗುವಂಥದ್ದಲ್ಲ. ಬಂದೂಕು ಹಿಡಿದು ಗುರಿಯಿಡುವ ಕಣ್ಣಿನಲ್ಲಿ ಗುರಿಯ ಜಾಗವೇ ಅಳಿಸಿಹೋಗಿತ್ತು. ಅದು ತಿಳಿದ ಕ್ಷಣದಲ್ಲಿ, ಎಂಥದೋ ಮರುಕ ಹುಟ್ಟುವ ಮೊದಲೇ, ಇವನ ಹೊಟ್ಟೆಯೊಳಗೆ ಏನೋ ತಣ್ಣಗೆ ಇಳಿಯಿತು. ಬಿಸಿಲಲ್ಲಿ ಬಂದವನು ಒಂದು ಚೊಂಬು ನೀರು ಕುಡಿದರೆ ಆಗುತ್ತದಲ್ಲ, ಹಾಗೆ. ಅವನಿಗೆ ಸಂತೋಷವಾಗಿತ್ತು.

ಆ ಸಂತೋಷಕ್ಕೆ ಅವನು ಹೆದರಿದ. “ನೀನು ಏನು ಕಂಡ್ಯೋ ಅದನ್ನೇ ಬರಿ,” ಎಂದಿದ್ದ ಷಡ್ಡಕ, ಕುರ್ಚಿಯಿಂದ ಏಳದೆ. ದೊಡ್ಡಸ್ತಿಕೆ ನೋಡು, ಎಂದುಕೊಂಡಿದ್ದ ಇವನು. ಕೇಳಿಕೊಳ್ಳುವುದಕ್ಕೂ ಈ ಮನುಷ್ಯನಿಗೆ ಬಾಯಿ ಬಾರದು. ಪೆನ್ನು ತೆಗೆದ. ಕಂಡದ್ದನ್ನೇ ಬರೆದರೆ ಕಾನೂನಿನ ಪ್ರಕಾರ ಸರಿ, ವೃತ್ತಿಯ ಪ್ರಕಾರ ಸರಿ, ಆದರೆ ಆ ಅಕ್ಷರಗಳನ್ನು ಬರೆಯುವಾಗ ಒಳಗೆ ಕುಣಿಯುವವನು ಯಾರು? ನಾಳೆ ಹೆಂಡತಿ ಏನೂ ಅನ್ನುವುದಿಲ್ಲ, ಸುಮ್ಮನೆ ಒಂದು ನೋಟ ನೋಡುತ್ತಾಳೆ: ಕೊನೆಗೂ ಸಿಕ್ಕಿತಲ್ಲ ನಿಮಗೆ ಸಮಯ. ಅವಳು ಹಾಗೆ ನೋಡದಿದ್ದರೂ ನಾನು ನನ್ನನ್ನು ಹಾಗೆ ನೋಡಿಕೊಳ್ಳದೆ ಇರಲಾರೆ. ನಾನು ಅಂಥವನಲ್ಲ ಎಂದು ಯಾರಿಗಾದರೂ ತೋರಿಸಬೇಕಾಗಿತ್ತು, ಬೇರೆ ಯಾರೂ ಇರಲಿಲ್ಲವಾದ್ದರಿಂದ ತನಗೇ ತೋರಿಸಿಕೊಂಡ. ಸರಿಯಾಗಿದೆ ಎಂದು ಬರೆದ. ಒಮ್ಮೆ ದೊಡ್ಡಾಸ್ಪತ್ರೆಗೆ ತೋರಿಸಿ ಎಂದು ಅರ್ಧ ನುಂಗಿಕೊಂಡು ಹೇಳಿದ. ಷಡ್ಡಕ ಕಾಗದವನ್ನು ಎಡಗಣ್ಣಿಗೆ ಹಿಡಿದು ಓದಿ, ಇವನ ಮುಖವನ್ನೊಮ್ಮೆ ನೋಡಿ, “ಇಷ್ಟೇನಾ?” ಎಂದ. ಇಷ್ಟೇ ಎಂದ ಇವನು. ಒಂದು ಉಪಕಾರದ ಮಾತೂ ಇಲ್ಲದೆ ಷಡ್ಡಕ ಕಾಗದ ಮಡಿಸಿ ಕಿಸೆಯಲ್ಲಿಟ್ಟುಕೊಂಡು ಹೋಗಿದ್ದ. ಒಂದು ಗಂಟೆ ಇವನು ತನ್ನನ್ನು ತಾನೇ ಮೆಚ್ಚಿಕೊಂಡು ಓಡಾಡಿದ. ಸಂಜೆಯ ಹೊತ್ತಿಗೆ ಬೇಲಿಯಾಚೆ ಬಟ್ಟೆ ಒಣಹಾಕುತ್ತಿದ್ದ ಆ ಹೆಂಗಸು ನೆನಪಾದಳು. ಅಂದಿನಿಂದ ಕಣ್ಣು ಮುಚ್ಚಿದರೆ ಸಾಕು, ಷಡ್ಡಕನ ಬಂದೂಕಿನ ಮುಂದೆ ಯಾರು ಯಾರೋ ಬಂದು ನಿಲ್ಲುತ್ತಿದ್ದರು, ಒಂದು ದಿನ ತನ್ನ ಹೆಂಡತಿಯೇ ನಿಂತಿದ್ದಳು. ಇಷ್ಟರ ನಡುವೆಯೂ, ಒಂದು ಥ್ಯಾಂಕ್ಸ್ ಕೂಡ ಹೇಳಲಿಲ್ಲವಲ್ಲ ಎಂಬ ಕಿರಿಕಿರಿ ಅವನನ್ನು ಬಿಟ್ಟಿರಲಿಲ್ಲ.

ಹನ್ನೆರಡೂವರೆಗೆ ಬಾಗಿಲಲ್ಲಿ ನೆರಳಾಯಿತು. ಷಡ್ಡಕ. ಕೈಯಲ್ಲಿ ಏನೂ ಇರಲಿಲ್ಲ. ಬೆಂಚಿನ ಮೇಲೆ ಕೂತು, ಮಂಡಿಗಳ ಮೇಲೆ ಕೈಯಿಟ್ಟುಕೊಂಡು, ರಸ್ತೆಯನ್ನು ನೋಡಿದ.

“ಹೊಸ ಲೈಸೆನ್ಸ್ ಬಂದಿದೆ ತಗೊಂಡು ಹೋಗಿ ಅಂತ ಆಫೀಸಿನಿಂದ ಕರೆದಿದ್ರು,” ಎಂದ. “ಹೋಗಿದ್ದೆ. ಲೈಸೆನ್ಸ್ ತಗೊಳ್ಳಲಿಲ್ಲ. ಬಂದೂಕೇ ಒಪ್ಪಿಸಿ ಬಂದೆ.”

ಇವನು ಬೆಂಚಿನ ಹತ್ತಿರಕ್ಕೆ ಬಂದ. “ಒಪ್ಪಿಸಿದ್ರಾ? ಯಾಕೆ?”

“ಯಾಕೆ ಅಂತ ನಿನಗೆ ಗೊತ್ತಿಲ್ವಾ?” ಷಡ್ಡಕನ ದನಿಯಲ್ಲಿ ಸಿಟ್ಟಿರಲಿಲ್ಲ. “ಎರಡು ತಿಂಗಳಾಯ್ತು. ಗುಡ್ಡದ ಕೆಳಗಿನ ಹೊಲದವರು ಹಂದಿ ಕಾಟ ಅಂತ ಕರೆದಿದ್ರು. ಬೆಳಕು ಚೆನ್ನಾಗೇ ಇತ್ತು. ಪೊದೆ ಹತ್ರ ಕಂದು ಬಣ್ಣದ್ದು ಏನೋ ಅಲ್ಲಾಡ್ತು. ಬಂದೂಕು ಎತ್ತಿ ನೋಡಿದ್ರೆ ಪೊದೆ ಕಾಣುತ್ತೆ, ಸುತ್ತಲ ಹುಲ್ಲು ಕಾಣುತ್ತೆ, ನಡುವೆ ಬರೀ ಮಂಜು. ಬೆರಳು ಬಂದೂಕಿನ ಕುದುರೆ ಮೇಲಿತ್ತು, ಒತ್ತೋದೊಂದೇ ಬಾಕಿ. ಅಷ್ಟರಲ್ಲಿ ಅದು ಕೆಮ್ಮಿತು. ಹಂದಿ ಕೆಮ್ಮಲ್ಲವಲ್ಲ. ಸೌದೆ ಆರಿಸೋ ಮುದುಕ, ಕಂಬಳಿ ಹೊದ್ದುಕೊಂಡಿದ್ದ.”

ಇವನು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ.

“ಅವತ್ತೇ ಬಿಡಬೇಕಾಗಿತ್ತು. ಆಗಲಿಲ್ಲ. ನಾನಾಗಿ ಬಿಡ್ತೀನಿ ಅಂದ್ರೆ ಯಾರು ಬಿಡ್ತಾರೆ ಹೇಳು. ಕ್ಲಬ್ಬಿನವರು, ಮನೆಯವಳು, ನಿನ್ನ ಹೆಂಡತಿ, ಎಲ್ಲರೂ ಬಂದು ಕೂರ್ತಾರೆ. ನನಗೂ ಬಿಡೋ ಧೈರ್ಯ ಇರಲಿಲ್ಲ ಅನ್ನು. ಈ ಕಾನೂನು ಬಂತು. ಎಲ್ಲರೂ ಬೈದ್ರು, ನಾನೊಬ್ಬ ಒಳಗೊಳಗೇ ಕೈ ಮುಗಿದೆ. ಕಣ್ಣಿಲ್ಲ ಅಂತ ಸರ್ಕಾರನೇ ಕಿತ್ಕೊಂಡ್ರೆ ಅದರಲ್ಲೊಂದು ಮರ್ಯಾದೆ ಇರುತ್ತೆ. ಸ್ಟೇಷನ್ ರಸ್ತೆಯವನ ಹತ್ರ ಹೋಗಿದ್ರೆ ಹೆಸರು ನೋಡಿ ಹಾಗೇ ಸಹಿ ಹಾಕಿಬಿಡ್ತಿದ್ದ. ಅದಕ್ಕೇ ನಿನ್ನ ಹತ್ರ ಬಂದೆ.” ಷಡ್ಡಕ ಮೊದಲ ಸಲ ಇವನ ಕಡೆ ತಿರುಗಿದ. “ನನ್ನ ಕಂಡ್ರೆ ನಿನಗಾಗಲ್ಲ ಅಂತ ನನಗೆ ಗೊತ್ತಿತ್ತು. ಇವನೊಬ್ಬನಾದ್ರೂ ನಿಜ ಬರೀತಾನೆ ಅಂದ್ಕೊಂಡಿದ್ದೆ.”

ಕಪಾಳಕ್ಕೆ ಹೊಡೆದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಬಚ್ಚಿಟ್ಟುಕೊಂಡದ್ದನ್ನು ಷಡ್ಡಕ ಎಂದೋ ನೋಡಿದ್ದ, ನೋಡಿಯೂ ಹೆಗಲ ಮೇಲೆ ಕೈ ಇಡುತ್ತಲೇ ಬಂದಿದ್ದ. ಹಾಗಿಲ್ಲ, ಹಾಗೇನಿಲ್ಲ ಎಂದು ಏನೋ ತೊದಲಿದ. ಷಡ್ಡಕ ಕೈಯಾಡಿಸಿ ಅದನ್ನು ಪಕ್ಕಕ್ಕಿಟ್ಟ.

“ಒಪ್ಪಿಸೋ ಫಾರಮ್ಮಿನಲ್ಲಿ ಕಾರಣ ಬರೀಬೇಕು. ಕಣ್ಣು ಕಾಣಲ್ಲ ಅಂತ ಬರೆದ್ರೆ, ಸರಿಯಾಗಿದೆ ಅಂತ ನೀನು ಹಾಕಿದ ಸಹಿ ಎರಡೇ ವಾರದ ಹಿಂದಿಂದು. ನಿನ್ನ ಅಂಗಡಿ ಬೋರ್ಡು ಇಳಿಸ್ತಾರೆ. ಅದಕ್ಕೇ ಆಸಕ್ತಿ ಇಲ್ಲ ಅಂತ ಬರೆದೆ. ಮೇಜರ್ ಅಲ್ಲೇ ಕೂತಿದ್ದ. ಏನ್ರೀ, ನಾಲ್ಕು ಫಾರಮ್ಮಿಗೆ ಹೆದರಿಬಿಟ್ರಾ ಅಂತ ನಕ್ಕ. ಹೌದಪ್ಪ, ಹೆದರಿಕೆ ಆಯ್ತು ಅಂದೆ.” ಎದ್ದು ನಿಂತ. “ಮನೆಯಲ್ಲೂ ಕಣ್ಣಿನ ವಿಷಯ ಹೇಳಿಲ್ಲ. ಹೇಳಿದ್ರೆ ಅಕ್ಕತಂಗಿ ಮಾತಾಡ್ಕೊಳ್ತಾರೆ, ನಿನ್ನ ಸಹಿ ವಿಷಯ ಬರುತ್ತೆ. ಮುಂದಿನ ವಾರ ಆಸ್ಪತ್ರೆಗೆ ಒಬ್ಬನೇ ಹೋಗಿಬರ್ತೀನಿ. ನಿನಗೆ ಹೇಳಬೇಕು ಅನ್ನಿಸಿದ್ರೆ ನಿನ್ನ ಹೆಂಡತಿಗೆ ಹೇಳು, ನನ್ನದೇನೂ ಅಡ್ಡಿ ಇಲ್ಲ. ಅದು ನಿನಗೆ ಬಿಟ್ಟದ್ದು.” ಹೋಗುವಾಗ ಹೆಗಲ ಮೇಲೆ ಕೈಯಿಟ್ಟ, ಎಂದಿನಂತೆಯೇ.

ಮುದುಕ ಬದುಕಿದ್ದ, ಬಂದೂಕು ಸರ್ಕಾರದ ಬೀಗದೊಳಗಿತ್ತು, ಅಂಗಡಿಯ ಬೋರ್ಡು ಇದ್ದಲ್ಲೇ ಇತ್ತು. ಸಮಾಧಾನಪಡಬೇಕಾದ ಹೊತ್ತು. ಆದರೆ ಷಟರ್ ಎಳೆದು ಊಟಕ್ಕೆಂದು ಮನೆಯ ದಾರಿ ಹಿಡಿದವನ ಒಳಗೆ ಮತ್ತೆ ಅದೇ ಉರಿ ಎದ್ದಿತ್ತು. ನಾನು ಒಂದು ಸುಳ್ಳು ಬರೆದು ಒಂದು ಗಂಟೆ ದೊಡ್ಡವನಾಗಿದ್ದೆ. ಅವನು ಒಂದು ಸುಳ್ಳು ಬರೆದು, ಊರ ಬಾಯಿಗೆ ಬಿದ್ದು, ಹೊರಟುಹೋದ. ಸೋಲುವುದರಲ್ಲೂ ಮೊದಲನೆಯ ಬಹುಮಾನ ಅವನಿಗೇ. ಇವತ್ತು ಹೆಂಡತಿಗೆ ಎಲ್ಲ ಹೇಳಿಬಿಡುತ್ತೇನೆ ಎಂದುಕೊಂಡ. ಔಷಧಿಯಂಗಡಿ ದಾಟುವಾಗ ಮಾತುಗಳನ್ನೂ ಜೋಡಿಸಿಕೊಂಡ: ತಪ್ಪು ನನ್ನದು, ಭಾವನ ಕಣ್ಣು ಹೋಗಿದೆ, ನಾನು ಸುಳ್ಳು ಬರೆದೆ, ನನ್ನನ್ನು ಉಳಿಸೋಕೆ ಅವರು ಮಾನ ಕಳಕೊಂಡ್ರು. ಹೇಳಿದರೆ ಅವಳು ಅಳುತ್ತಾಳೆ, ಆ ಚಿತ್ರವನ್ನು ಹೊರಗೆ ತೆಗೆದು ಗೋಡೆಗೇ ಹಾಕುತ್ತಾಳೆ. ಹಾಕಲಿ. ಮನೆಯ ಮೆಟ್ಟಿಲ ಬಳಿ ಚಪ್ಪಲಿ ಬಿಡುವಾಗಲೂ ಅವನು ಹೇಳುವವನೇ ಆಗಿದ್ದ.

ಹೆಂಡತಿ ತಟ್ಟೆ ಹಾಕಿ ಕಾದಿದ್ದಳು. ಮುಖ ಬಾಡಿತ್ತು. ಅವನು ಕೈ ತೊಳೆದು ಬಂದು ಕೂರುವ ಮೊದಲೇ ಶುರುಮಾಡಿದಳು.

“ಅಕ್ಕ ಫೋನ್ ಮಾಡಿದ್ಲು. ಅತ್ತು ಅತ್ತು ಗಂಟಲು ಕಟ್ಟಿಬಿಟ್ಟಿದೆ ಅವಳಿಗೆ. ಭಾವ ಬಂದೂಕು ಒಪ್ಪಿಸಿಬಿಟ್ರಂತೆ ರೀ. ಆಸಕ್ತಿ ಇಲ್ಲ ಅಂದ್ರಂತೆ. ಕಾನೂನಿಗೆ ಹೆದರಿದ್ರು ಅಂತ ಮೇಜರ್ ಊರೆಲ್ಲ ಹೇಳ್ಕೊಂಡು ಬರ್ತಿದಾನಂತೆ.”

ಅವನು ಬಾಯಿ ತೆರೆದ. ಅಷ್ಟರಲ್ಲಿ ಅವಳು ಬಡಿಸುತ್ತ, ತಟ್ಟೆಯನ್ನೇ ನೋಡುತ್ತ, ಇನ್ನೊಂದು ಮಾತು ಹೇಳಿದಳು.

“ನಾನು ಭಾವನ್ನ ಹೀಗೆ ಅಂದ್ಕೊಂಡಿರಲಿಲ್ಲ. ನೀವೇ ವಾಸಿ. ಬೈಕೊಂಡಾದ್ರೂ ಓಡಾಡಿ ಪೆಟ್ಟಿಗೆ ಹಾಕಿಸಿ ಕಾಗದ ಎಲ್ಲ ಸರಿ ಮಾಡ್ಕೊಂಡ್ರಿ.”

ನೀವೇ ವಾಸಿ. ಅವನು ತುತ್ತು ಎತ್ತಿದವನು ಹಾಗೇ ಹಿಡಿದುಕೊಂಡ. ಈ ಎರಡು ಪದಗಳಿಗಾಗಿ ಅವನು ಎಷ್ಟು ಭಾನುವಾರಗಳನ್ನು ಕ್ಲಬ್ಬಿನ ಬಯಲಿನಲ್ಲಿ ಬಿಸಿಲಿಗೆ ಒಣಗಿಸಿದ್ದ. ಜೋಡಿಸಿಕೊಂಡು ಬಂದಿದ್ದ ಮಾತುಗಳು ಗಂಟಲಲ್ಲೇ ಇದ್ದವು, ಒಂದೂ ಕಳೆದಿರಲಿಲ್ಲ. ಮೊದಲ ಪದವನ್ನು ಆಡಿದರೆ ಸಾಕು, ಉಳಿದವು ತಾವಾಗಿಯೇ ಬರುತ್ತಿದ್ದವು.

ಅವಳು ಎದುರಿಗೆ ಕೂತು, ಏನೋ ಹೊಳೆದವಳ ಹಾಗೆ ತಲೆಯೆತ್ತಿದಳು. “ಅಲ್ಲಾ, ಅವರು ನಿಮ್ಮ ಹತ್ರಾನೇ ಅಲ್ವಾ ತೋರಿಸಿದ್ದು? ಕಣ್ಣಿಗೇನಾದ್ರೂ ಆಗಿದೆಯಾ? ಹಾಗಿದ್ರೆ ಹೇಳಿ, ಅಕ್ಕನಿಗೆ ಅಷ್ಟಾದ್ರೂ ಸಮಾಧಾನ. ನನಗೂ.”

ಅವಳು ಕಾಯುತ್ತಿದ್ದಳು. ಆಗಿದೆ ಎಂಬ ಉತ್ತರಕ್ಕೇ ಕಾಯುತ್ತಿದ್ದಳೆಂಬುದು ಅವಳ ಮುಖದಲ್ಲಿ ಚೆನ್ನಾಗಿ ಕಾಣುತ್ತಿತ್ತು. ಅವನು ತುತ್ತನ್ನು ಬಾಯಿಗಿಟ್ಟು, ಅಗಿದು, ನುಂಗಿದ.

“ಏನೂ ಆಗಿಲ್ಲ,” ಎಂದ. “ಎರಡೂ ಕಣ್ಣು ಚೆನ್ನಾಗಿವೆ.”

ಅವಳು ನಿಟ್ಟುಸಿರು ಬಿಟ್ಟು ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು. ಅವನು ಬೇಡವೆನ್ನಲಿಲ್ಲ.